ಗೆರೆಗಳ ಸಾಕ್ಷ್ಯ

ಹಳೆಯ ಸೇದುಬಾವಿಯ ಕಟ್ಟೆಗಲ್ಲಿನಲ್ಲಿ ಹಗ್ಗದ ಉಜ್ಜಾಟದಿಂದ ಬಿದ್ದ ಕೊರಕಲುಗಳು ನಮಗೆ ಪರಿಚಿತವೇ ಆಗಿವೆ. ಮೆತ್ತನೆಯ ಹಗ್ಗವು ಕಠಿಣವಾದ ಶಿಲೆಯನ್ನು ಸವೆಸಬೇಕಾದರೆ ಎಷ್ಟೋ ತಲೆಮಾರುಗಳು ಅಲ್ಲಿ ನೀರು ಸೇದಿರಬೇಕು. ಅಲ್ಲಿನ ಒಂದೊಂದು ಗೆರೆಯೂ ಆ ದುಡಿಮೆಗೆ ಸಾಕ್ಷಿಯಾಗಿದೆ. ನಿಸರ್ಗದಲ್ಲಿ, ಶಿಲ್ಪದಲ್ಲಿ, ಮನುಷ್ಯನ ಚರ್ಮದಲ್ಲಿ ತೋರುವ ಗೆರೆಗಳನ್ನೂ ಹೀಗೆಯೇ ಓದಬಹುದು.

ಹಿಮನದಿಯು ಮೆಲ್ಲಮೆಲ್ಲನೆ ಜರುಗುವಾಗ ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ಗೀರುತ್ತವೆ. ಹಿಮ ಕರಗಿ ಸಹಸ್ರಾರು ವರ್ಷಗಳು ಕಳೆದರೂ ಆ ಸಮಾಂತರ ಗೀರುಗಳು ಅದು ಸಾಗಿದ ದಿಕ್ಕನ್ನು ಸೂಚಿಸುತ್ತವೆ. ಇಂತಹ ಕುರುಹುಗಳನ್ನು ಪರಿಶೀಲಿಸಿದ ಲೂಯಿ ಅಗಾಸಿ ಎಂಬ ಸ್ವಿಸ್ ವಿಜ್ಞಾನಿಯು, ಹಿಂದೊಮ್ಮೆ ಯೂರೋಪಿನ ವಿಶಾಲ ಭಾಗಗಳು ಹಿಮಾವೃತವಾಗಿದ್ದವೆಂದು 1840ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಶಿಲ್ಪಿಯ ಗೆರೆಗಳು ಉದ್ದೇಶಪೂರ್ವಕವಾದವು. ಅಥೆನ್ಸಿನ ಪಾರ್ಥೆನಾನ್ ಮಂದಿರದ ಹೊರಗಂಬಗಳಲ್ಲಿ ಮೇಲಿನಿಂದ ಕೆಳಗಿನವರೆಗೆ 20 ತೋಡುಗಳಿದ್ದು, ಅವುಗಳಲ್ಲಿನ ನೆರಳುಬೆಳಕಿನಿಂದ ದಪ್ಪನೆಯ ಕಂಬವೂ ನೀಳವಾಗಿ ತೋರುತ್ತದೆ. ನಮ್ಮ ಲಕ್ಕುಂಡಿಯ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಗೆರೆಗಳು ಬಳೆಗಳಂತೆ ಕಂಬವನ್ನು ಅಡ್ಡಲಾಗಿ ಸುತ್ತಿವೆ. ಮೃದುವಾದ ಬಳಪದ ಕಲ್ಲನ್ನು ತಿರುಗಿಸುತ್ತ ಕಡೆದುದರ ಗುರುತು ಅದು.

ಇವೆಲ್ಲವೂ ಹೊರಗಿನಿಂದ ಬಿದ್ದ ಗೆರೆಗಳು. ಬೆರಳ ತುದಿಯ ಗೆರೆಗಳಾದರೋ ಒಳಗಿನಿಂದ ಮೂಡಿದವು. ತಾಯಿಯ ಗರ್ಭದಲ್ಲಿ ಮೂರನೆಯ ತಿಂಗಳಿನಲ್ಲಿ ತೋರತೊಡಗಿ, ಆರನೆಯ ತಿಂಗಳ ವೇಳೆಗೆ ಅವುಗಳ ವಿನ್ಯಾಸವು ಸ್ಥಿರಗೊಳ್ಳುತ್ತದೆ. ಒಂದೇ ರೂಪಿನ ಅವಳಿಗಳಲ್ಲಿಯೂ ಅವು ಭಿನ್ನವಾಗಿರುತ್ತವೆ. ಈ ವೈಶಿಷ್ಟ್ಯವನ್ನು ಬಳಸಿಕೊಂಡು 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳುಮುದ್ರೆಯ ಕಚೇರಿಯು ಆರಂಭವಾಯಿತು. ಮುದ್ರೆಗಳನ್ನು ವರ್ಗೀಕರಿಸುವ ಪದ್ಧತಿಯನ್ನು ರೂಪಿಸಲು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರು ಅಲ್ಲಿ ಶ್ರಮಿಸಿದರು.

ಆದರೆ ಕಲ್ಲಿನಲ್ಲಿ ಗೆರೆಯನ್ನು ಮೂಡಿಸಿದ ದುಡಿಮೆಯೇ ಬೆರಳಿನ ಗೆರೆಯನ್ನು ಅಳಿಸುತ್ತದೆ. ಇಟ್ಟಿಗೆ ಹೊರುವ, ಸಿಮೆಂಟು ಕಲಸುವ, ಕಳೆ ಕೀಳುವ ಕೈಗಳಲ್ಲಿ ಅದು ತೇಯ್ದುಹೋಗಿ, ಪಡಿತರದ ಅಂಗಡಿಯ ಯಂತ್ರವು ಅವರನ್ನು ಗುರುತಿಸದೆ ಹೋಗುವುದುಂಟು. ವಿನ್ಯಾಸದ ಮೂಲವು ಚರ್ಮದ ಒಳಪದರದಲ್ಲಿರುವುದರಿಂದ, ಮೇಲ್ಪದರವಷ್ಟೇ ಸವೆದಿದ್ದರೆ ಬಿಡುವು ದೊರೆತಾಗ ಅದು ಪುನಃ ಮೂಡುತ್ತದೆ. ದಿನಗೂಲಿಯವನಿಗೆ ಆ ಬಿಡುವೆಲ್ಲಿ? ಆಧಾರ್ ವ್ಯವಸ್ಥೆಯಲ್ಲಿ ಕಣ್ಣಿನ ಪಾಪೆಯ ಗುರುತು ಮೊದಲಾದ ಅನ್ಯ ಮಾರ್ಗಗಳಿವೆ. ಅಕ್ಷರ ಬಲ್ಲ ವಿದ್ಯಾರ್ಥಿಗಳು ಇದನ್ನು ತಿಳಿದುಕೊಂಡು, ಕಾಯಕದಲ್ಲಿ ಬೆರಳು ಸವೆಸಿದ ಹಿರಿಯರು ಬರಿಗೈಯಲ್ಲಿ ಹಿಂದಿರುಗದಂತೆ ಅವರೊಡನೆ ನಿಂತು ಕೇಳಬೇಕು.