ಡಬ್ಬದ ಮೇಲಿನ ಹೆಸರು, ಒಳಗಿನ ಅಂಕಿ

ಮೈಸೂರಿನ ಶ್ರೀರಾಂಪುರದಲ್ಲಿ ಕೂತು ಒಂದು ಅಸೆಂಬಲ್ಡ್ ಪಿಸಿ ಮಾಡಿಸಬೇಕೆಂದರೆ ಊರಿನ ಅಂಗಡಿಯಲ್ಲೇ ಪಟ್ಟಿ ಬರೆಸಬಹುದು, ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬಹುದು, ಇಲ್ಲವೇ ಮೊಬೈಲಿನಲ್ಲೇ ತರಿಸಿಕೊಳ್ಳಬಹುದು. ಎಲ್ಲಿ ಕೊಂಡರೂ ಮಾತು ಗ್ರಾಫಿಕ್ಸ್ ಕಾರ್ಡಿಗೆ ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಆ ಕಂಪನಿದೇ ತಗೊಳ್ಳಿ, ಒಳ್ಳೆ ಹೆಸರಿದೆ.’ ಪಟ್ಟಿಯಲ್ಲಿ ಅತಿ ದುಬಾರಿ ಸಾಲು ಬಹುಮಟ್ಟಿಗೆ ಇದೇ. ಹಾಗಾಗಿ ಯಾರ ಹೆಸರು, ಯಾವುದಕ್ಕೆ ಎಂದು ಕೇಳುವುದು ನ್ಯಾಯ.

ಡಬ್ಬದ ಮೇಲೆ ಇರುವುದು ಇಬ್ಬರ ಹೆಸರು. ಒಂದು, ಚಿಪ್ ರೂಪಿಸಿದವರದು: ಎನ್‌ವಿಡಿಯಾ, ಎಎಂಡಿ, 2022ರಿಂದ ಇಂಟೆಲ್ ಕೂಡ. ಇನ್ನೊಂದು, ಆ ಚಿಪ್ಪನ್ನು ಕೊಂಡು ಬೋರ್ಡು, ಫ್ಯಾನು, ಹೀಟ್‌ಸಿಂಕ್ ಜೋಡಿಸಿದವರದು: ಆಸುಸ್, ಎಂಎಸ್ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್. ಆರ್‌ಟಿಎಕ್ಸ್ 4060 ಯಾರ ಡಬ್ಬದಲ್ಲಿ ಬಂದರೂ ಒಳಗಿನ ಚಿಪ್ ಅದೇ. ಎರಡು ಫ್ಯಾನಿನದಕ್ಕೂ ಬಣ್ಣದ ದೀಪ ಹಚ್ಚಿದ ಮೂರು ಫ್ಯಾನಿನದಕ್ಕೂ ವೇಗದಲ್ಲಿ ಇರುವ ಅಂತರ ಆಟ ಆಡುವವನ ಕಣ್ಣಿಗೆ ಬೀಳುವಷ್ಟಿಲ್ಲ. ಸದ್ದು ಕಡಿಮೆ, ಬಿಸಿ ಕಡಿಮೆ ಎಂಬುದು ನಿಜವಾದ ಲಾಭವೇ. ಆದರೆ ಅದಕ್ಕೆಂದು ಕೇಳುವ ಹೆಚ್ಚುವರಿ ದುಡ್ಡಿನಲ್ಲಿ ಮೇಲಿನ ದರ್ಜೆಯ ಸಾದಾ ಕಾರ್ಡೇ ಸಿಗುವಂತಿದ್ದರೆ ಆ ಸಾದಾ ಕಾರ್ಡನ್ನು ತರುವುದೇ ಸರಿ.

ದರ್ಜೆ ಅಡಗಿರುವುದು ಅಂಕಿಯಲ್ಲಿ. 4060ರಲ್ಲಿ 40 ಎಂದರೆ ತಲೆಮಾರು, 60 ಎಂದರೆ ಆ ತಲೆಮಾರಿನೊಳಗಿನ ಸ್ಥಾನ. ಎಎಂಡಿಯ ಲೆಕ್ಕ ಬೇರೆ ಇತ್ತು. 2025ರಲ್ಲಿ ಅವರೂ 9060, 9070 ಎಂದು ಹೆಸರಿಟ್ಟು, ಎದುರಾಳಿಯ ಕಾರ್ಡಿನ ಜೊತೆ ಹೋಲಿಸಿ ನೋಡಲು ಅನುಕೂಲವಾಗಲಿ ಎಂದೇ ಹೀಗೆ ಮಾಡಿದ್ದಾಗಿ ಹೇಳಿಕೊಂಡರು.

ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2017ರಲ್ಲಿ ಬಂದ ಜಿಟಿ 1030ರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಅಗ್ಗದ ಡಿಡಿಆರ್4 ಮೆಮೊರಿಯ ಕಾರ್ಡು ಮಾರುಕಟ್ಟೆಗೆ ಬಂತು, ಅದರದು 16.8 ಜಿಬಿ. ಹೆಸರಾಂತ ಕಂಪನಿಗಳೇ ಎರಡನ್ನೂ ಮಾರಿದವು. ಆರ್‌ಟಿಎಕ್ಸ್ 3050ರ ಕಥೆಯೂ ಇದೇ ಜಾತಿಯದು. ಎಸ್.ಪಿ. ರೋಡಿನಲ್ಲಿ ‘ಅಣ್ಣ, 3050 ಎಷ್ಟು?’ ಎಂದು ಕೇಳಿದಾಗ ಅಂಗಡಿಯವರು ‘ಆರು ಜಿಬಿನಾ, ಎಂಟು ಜಿಬಿನಾ?’ ಎಂದು ತಿರುಗಿ ಕೇಳಿದರೆ ಅವರು ಒಳ್ಳೆಯವರೆಂದೇ ತಿಳಿಯಬೇಕು. ಎಂಟು ಜಿಬಿಯದರಲ್ಲಿ 2560 ಕೋರ್, 2024ರಲ್ಲಿ ಬಂದ ಆರು ಜಿಬಿಯದರಲ್ಲಿ 2304. ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಕಿರಿದಾಗಿದೆ. ಬರೀ ಮೆಮೊರಿ ಕಡಿಮೆ ಅಂದುಕೊಂಡು ಕೊಂಡವರಿಗೆ ಸಿಕ್ಕಿದ್ದು ಒಂದು ಮೆಟ್ಟಿಲು ಕೆಳಗಿನ ಕಾರ್ಡು. ಒಂದು ಗುಣ ಮಾತ್ರ ಇದೆ: ಇದು 70 ವ್ಯಾಟ್‌ನದು, ಬೇರೆ ಪವರ್ ವೈರ್ ಬೇಡ. ಹಳೇ ಆಫೀಸ್ ಪಿಸಿಯ ಸಣ್ಣ ಎಸ್‌ಎಂಪಿಎಸ್ಸಿಗೆ ಅದು ಹೊಂದುತ್ತದೆ.

ಒಮ್ಮೆಯಂತೂ ಈ ಆಟ ನಡೆಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ 4080 ಹೆಸರಿನಲ್ಲೇ 16 ಜಿಬಿ, 12 ಜಿಬಿ ಎಂದು ಎರಡು ಕಾರ್ಡು ಸಾರಿತು. ಎರಡರ ಚಿಪ್ಪೇ ಬೇರೆ. ಒಂದರಲ್ಲಿ 9728 ಕೋರ್, ಇನ್ನೊಂದರಲ್ಲಿ 7680. ಜನ ಛೀಮಾರಿ ಹಾಕಿದ ಮೇಲೆ ಅಕ್ಟೋಬರಿನಲ್ಲಿ 12 ಜಿಬಿಯದನ್ನು ಹಿಂದಕ್ಕೆ ಪಡೆದರು. 2023ರ ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಎಂಬ ಹೆಸರು ಹೊತ್ತು ಬಂತು. ಲ್ಯಾಪ್‌ಟಾಪಿನಲ್ಲಿ ಈ ಗೊಂದಲ ಇಂದಿಗೂ ನಿಂತಿಲ್ಲ: ಅಲ್ಲಿನ 4090ರ ಒಳಗಿರುವುದು ಮೇಜಿನ ಮೇಲಿನ ಪಿಸಿಯ 4080ರ ಚಿಪ್.

ಇನ್ನು ಚಿಪ್ ಕಂಪನಿಯ ಹೆಸರು. ಆಟಕ್ಕೆಂದಾದರೆ ಎಎಂಡಿಯ ಆರ್‌ಎಕ್ಸ್ 6600, ಎನ್‌ವಿಡಿಯಾದ 3050ಯನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಆದರೂ ‘ಆರ್‌ಟಿಎಕ್ಸ್’ ಎಂಬ ಮೂರಕ್ಷರಕ್ಕಾಗಿ ನಿಧಾನದ ಕಾರ್ಡನ್ನು ಮನೆಗೆ ತರುವ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ಊರಭಿಮಾನದಿಂದ ತೀರ್ಮಾನಿಸೋಣವೆಂದರೆ ಅದೂ ಆಗದು. ಎನ್‌ವಿಡಿಯಾಕ್ಕೂ ಬೆಂಗಳೂರಿನಲ್ಲಿ ಕೇಂದ್ರವಿದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಅಲ್ಲೇ.

ಕಂಪನಿಯನ್ನು ನೋಡಲೇಬೇಕಾದ ಜಾಗ ಸಾಫ್ಟ್‌ವೇರ್. ಎನ್‌ವಿಡಿಯಾ 2007ರಲ್ಲಿ ಹೊರತಂದ ಕ್ಯುಡಾ ಎಂಬ ಸಾಫ್ಟ್‌ವೇರನ್ನು ನೆಚ್ಚಿಕೊಂಡ ಕೆಲಸ ಬಹಳ. ಮಷೀನ್ ಲರ್ನಿಂಗ್ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಎಎಂಡಿ ಕಾರ್ಡು ಕೊಡಿಸಿದರೆ ಪಾಠಕ್ಕಿಂತ ಹೊಂದಿಸುವುದರಲ್ಲೇ ಹೊತ್ತು ಹೋದೀತು. ಅವನಿಗೆ ವೇಗಕ್ಕಿಂತ ಮೆಮೊರಿ ಮುಖ್ಯ. 8 ಜಿಬಿಯ 4060ಕ್ಕಿಂತ ಹಳೆಯ 3060ರ 12 ಜಿಬಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮದುವೆ ವೀಡಿಯೊ ಎಡಿಟ್ ಮಾಡುವವರ ಲೆಕ್ಕ ಇನ್ನೊಂದು ಬಗೆ. ಅವರ ಕ್ಯಾಮೆರಾ 10 ಬಿಟ್ 4:2:2 ಎಚ್.265ರಲ್ಲಿ ಚಿತ್ರೀಕರಿಸುತ್ತಿದ್ದರೆ, ಆ ಫೈಲನ್ನು ನೇರವಾಗಿ ಬಿಚ್ಚುವ ಸೌಲಭ್ಯ ಆರ್‌ಟಿಎಕ್ಸ್ 40ರ ಸರಣಿಯಲ್ಲಿಲ್ಲ. 50ರ ಸರಣಿಯಲ್ಲಿ ಬಂತು. ಅದೇ 11ನೇ ತಲೆಮಾರಿನಿಂದ ಈಚಿನ ಹಲವು ಇಂಟೆಲ್ ಪ್ರೊಸೆಸರುಗಳ ಒಳಗಿನ ಪುಕ್ಕಟೆ ಗ್ರಾಫಿಕ್ಸಿಗೆ ಆ ಕೆಲಸ ಗೊತ್ತು. ಲಕ್ಷ ರೂಪಾಯಿಯ ಕಾರ್ಡು ಹಾಕಿಯೂ ಟೈಮ್‌ಲೈನ್ ತಡವರಿಸುವುದಕ್ಕೆ ಇದೊಂದು ಕಾರಣ.

ಬೋರ್ಡು ಜೋಡಿಸಿದವರ ಹೆಸರಿಗೆ ಬೆಲೆ ಬರುವುದು ಕಾರ್ಡು ಕೆಟ್ಟ ದಿನ. ವಾರಂಟಿಗೆ ಹೆಸರಾಗಿದ್ದ ಅಮೆರಿಕದ ಇವಿಜಿಎ 2022ರ ಸೆಪ್ಟೆಂಬರಿನಲ್ಲಿ ಕಾರ್ಡಿನ ವ್ಯಾಪಾರವನ್ನೇ ಬಿಟ್ಟಿತು. ಆದ್ದರಿಂದ ಹೆಸರಿಗಿಂತ ವಾರಂಟಿ ಕಾಗದ ಓದುವುದು ಮೇಲು: ಎಷ್ಟು ವರ್ಷ, ಲೆಕ್ಕ ಕೊಂಡ ದಿನದಿಂದಲೋ ತಯಾರಾದ ದಿನದಿಂದಲೋ, ಕಾರ್ಡನ್ನು ಮೈಸೂರಿನಲ್ಲೇ ತೆಗೆದುಕೊಳ್ಳುತ್ತಾರೋ ಬೆಂಗಳೂರಿಗೆ ಕೊರಿಯರ್ ಮಾಡಬೇಕೋ, ಆ ಖರ್ಚು ಯಾರದು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅದು ಕಾರ್ಡಿನ ಹಿಂದಿನ ಸ್ಟಿಕ್ಕರಿಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬಿಲ್ ಬೇಡವೆಂದರೆ ಒಂದಿಷ್ಟು ಕಡಿಮೆ ಮಾಡುತ್ತೇವೆ ಎಂದರೆ ಒಪ್ಪಬಾರದು. ಬಿಲ್ಲಿಲ್ಲದ ಕಾರ್ಡಿಗೆ ಯಾವ ಕಂಪನಿಯ ಹೆಸರೂ ಕಾವಲಿಲ್ಲ.