ಔಷಧವನ್ನು ಹೊತ್ತ ಜೆಲ್

ಸಂಗಾತಿ ಕಾಂಡೋಮ್ ಬೇಡವೆಂದರೂ ಹೆಣ್ಣು ಯಾರ ಅಪ್ಪಣೆಗೂ ಕಾಯದೆ ಎಚ್‌ಐವಿಯಿಂದ ತನ್ನನ್ನು ಕಾಪಾಡಿಕೊಳ್ಳುವಂತಾಗಬೇಕು. ಯೋನಿಯೊಳಗೆ ಹಾಕಿಕೊಳ್ಳುವ ಜೆಲ್‌ಗಳ ಹುಡುಕಾಟ ಶುರುವಾದದ್ದು ಈ ಆಸೆಯಿಂದ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ 889 ಮಹಿಳೆಯರು ಭಾಗವಹಿಸಿದ್ದ ಕ್ಯಾಪ್ರಿಸಾ 004 ಅಧ್ಯಯನ, ಶೇ 1ರಷ್ಟು ಟೆನೊಫೊವಿರ್ ಔಷಧ ಬೆರೆಸಿದ ಜೆಲ್ ಸೋಂಕನ್ನು ಶೇ 39ರಷ್ಟು ತಗ್ಗಿಸಿತೆಂದು 2010ರಲ್ಲಿ ಸಾರಿತು. ಆ ಭರವಸೆ ಉಳಿಯಲಿಲ್ಲ. 2015ರಲ್ಲಿ ಹೊರಬಿದ್ದ ಫ್ಯಾಕ್ಟ್ಸ್ 001 ಅಧ್ಯಯನದಲ್ಲಿ ಅದೇ ಔಷಧದಿಂದ ರಕ್ಷಣೆ ಕಾಣಲಿಲ್ಲ. ಅದಕ್ಕೂ ಮೊದಲು ನಮ್ಮ ಬಾಗಲಕೋಟೆಯೂ ಒಂದು ಕೇಂದ್ರವಾಗಿದ್ದ ಸೆಲ್ಯುಲೋಸ್ ಸಲ್ಫೇಟ್ ಜೆಲ್ಲಿನ ಪರೀಕ್ಷೆಯನ್ನು, ಸೋಂಕು ಹೆಚ್ಚಬಹುದೆಂಬ ಶಂಕೆಯಿಂದ 2007ರ ಜನವರಿಯಲ್ಲೇ ನಿಲ್ಲಿಸಿದ್ದರು. ಈ ಸೋಲುಗಳ ಚರ್ಚೆಯೆಲ್ಲ ಔಷಧದ ಸುತ್ತಲೇ ನಡೆಯುತ್ತದೆ. ಔಷಧವನ್ನು ಹೊತ್ತ ಜೆಲ್ಲಿಗೂ ಅಷ್ಟೇ ಗಮನ ಸಲ್ಲಬೇಕಿತ್ತೆಂಬುದು ನನ್ನ ವಾದ.

ಟೆನೊಫೊವಿರ್ ಜೆಲ್ಲಿನ ಒಂದು ಡೋಸ್ ಸುಮಾರು 4 ಮಿಲಿಲೀಟರ್. ಯೋನಿಯ ಒಳಗೋಡೆ ಮಡಿಕೆ ಮಡಿಕೆಯಾಗಿರುತ್ತದೆ. ಇಷ್ಟು ಜೆಲ್ ಅದರ ಮೇಲೆಲ್ಲ ತೆಳುವಾಗಿ ಹರಡಬೇಕು. ತೀರಾ ಗಟ್ಟಿಯಾದರೆ ಒಂದೆಡೆ ಮುದ್ದೆಯಾಗಿ ಕೂರುತ್ತದೆ, ನೀರಾದರೆ ಎದ್ದು ನಿಂತ ಕೂಡಲೇ ಸೋರುತ್ತದೆ. ಹಾಗಾಗಿ ಒತ್ತಡ ಬಿದ್ದಾಗ ಸಡಿಲಗೊಂಡು ಹರಿಯುವ, ಒತ್ತಡ ಹೋದಾಗ ಮತ್ತೆ ಬಿಗಿಯಾಗುವ ಗುಣ ಬೇಕು; ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್‌ನಂಥ ಪಾಲಿಮರ್ ಬೆರೆಸುವುದು ಇದಕ್ಕೇ. ಒಳಗೆ ಹೋದ ಮೇಲೂ ಜೆಲ್ ಇದ್ದ ಹಾಗೇ ಇರುವುದಿಲ್ಲ. ದೇಹದ ದ್ರವ, ವೀರ್ಯ ಬೆರೆತು ತೆಳ್ಳಗಾಗುತ್ತದೆ. ಯೋನಿಯ ಪಿಎಚ್ ಸಾಮಾನ್ಯವಾಗಿ 3.5ರಿಂದ 4.5, ವೀರ್ಯದ್ದು 7ಕ್ಕಿಂತ ಹೆಚ್ಚು. ಈ ಬದಲಾವಣೆಯಲ್ಲೂ ಲೇಪ ಕದಲದೆ ನಿಲ್ಲಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಆಸ್ಮೋಲಾಲಿಟಿ, ಅಂದರೆ ದ್ರವದಲ್ಲಿ ಕರಗಿದ ಕಣಗಳ ಸಾಂದ್ರತೆ. ರಕ್ತದಲ್ಲಿ ಇದು ಕಿಲೋಗ್ರಾಂ ನೀರಿಗೆ ಸುಮಾರು 290 ಮಿಲಿಆಸ್ಮೋಲ್. ಶೇ 20ರಷ್ಟು ಗ್ಲಿಸರಿನ್ ಇದ್ದ ಮೊದಲ ಟೆನೊಫೊವಿರ್ ಜೆಲ್ಲಿನಲ್ಲಿ ಅದು 3,000 ದಾಟಿತ್ತು. ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಡುವ ಹಾಗೆ, ಇಂಥ ಜೆಲ್ ತಾಗಿದ ಜೀವಕೋಶಗಳು ನೀರು ಕಳೆದುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಒಳಪದರದ ಮೇಲ್ಭಾಗ ಸುಲಿದದ್ದೂ ಉಂಟು. ಹೊರಬಂದ ಆ ನೀರು ಜೆಲ್ಲನ್ನು ಮತ್ತಷ್ಟು ತೆಳುವಾಗಿಸುತ್ತದೆ. ಮುಂದೆ ಗುದದ್ವಾರದ ಬಳಕೆಗೆಂದು ಗ್ಲಿಸರಿನ್ ಅನ್ನು ಶೇ 5ಕ್ಕೆ ಇಳಿಸಿದಾಗ ಈ ಅಂಕಿ ಸುಮಾರು 850ಕ್ಕೆ ಬಂತು. ಔಷಧ ಅದೇ, ಬದಲಾದದ್ದು ಹೊತ್ತ ವಸ್ತು ಮಾತ್ರ.

ಮಹಿಳೆಯರು ಜೆಲ್ಲನ್ನು ಸರಿಯಾಗಿ ಬಳಸಲಿಲ್ಲ, ಅದಕ್ಕೇ ಫಲಿಸಲಿಲ್ಲ ಎನ್ನುವವರಿದ್ದಾರೆ. ಆ ಮಾತಿಗೆ ಆಧಾರವಿದೆ: ದಿನವೂ ಜೆಲ್ ಬಳಸಲು ಹೇಳಿದ್ದ ವಾಯ್ಸ್ ಅಧ್ಯಯನದಲ್ಲಿ ಪರೀಕ್ಷಿಸಿದ ರಕ್ತದ ಮಾದರಿಗಳ ಪೈಕಿ ಶೇ 25ರಷ್ಟರಲ್ಲಿ ಮಾತ್ರ ಔಷಧ ಸಿಕ್ಕಿತು. ಆದರೆ ಬಳಸದಿರುವುದಕ್ಕೆ ಕಾರಣಗಳು ಹಲವು. ಸಂಗಾತಿಗೆ ತಿಳಿದೀತೆಂಬ ಅಂಜಿಕೆ, ತನಗೆ ಸೋಂಕು ತಗಲದೆಂಬ ನಂಬಿಕೆ ಇರಬಹುದು. ಸೋರಿ ಬಟ್ಟೆ ಒದ್ದೆಯಾಗುವ ಕಿರಿಕಿರಿಯೂ ಅವುಗಳಲ್ಲಿ ಒಂದು, ಮತ್ತು ಅದು ಜೆಲ್ಲಿನದೇ ಗುಣ. ಅದನ್ನು ಮಹಿಳೆಯ ಅಶಿಸ್ತೆಂದು ಬರೆದಿಡುವುದು ಅನ್ಯಾಯ.

ಈಗ ಯೋನಿಯೊಳಗೆ ಇಟ್ಟುಕೊಳ್ಳುವ ಡಾಪಿವಿರಿನ್ ಉಂಗುರವಿದೆ, ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಾಪವಿರ್ ಬಂದಿದೆ, ಹಳೆಯ ಜೆಲ್ಲಿನ ಮಾತೇಕೆ ಎನ್ನಬಹುದು. ಆದರೆ ಸಂಭೋಗದ ವೇಳೆ ಬಳಸುವ ಲೂಬ್ರಿಕೆಂಟ್‌ಗಳು ಅಂಗಡಿಯಲ್ಲಿ ಇಂದಿಗೂ ಸಿಗುತ್ತವೆ. ಅವುಗಳಲ್ಲೂ ಅನೇಕದರಲ್ಲಿ ಗ್ಲಿಸರಿನ್ ಇರುತ್ತದೆ. ಅವುಗಳ ಆಸ್ಮೋಲಾಲಿಟಿ 1,200 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಅಂಕಿಯನ್ನು ಟ್ಯೂಬಿನ ಮೇಲೆ ಮುದ್ರಿಸುವುದು ಕಡ್ಡಾಯವಾಗಬೇಕು.