ಕಪ್ಪು ಕಾರಿನ ಮೆರುಗು

ಕಪ್ಪು ಬಣ್ಣದ ಹಳೆಯ ಕಾರೊಂದನ್ನು ನೆರಳಿನಲ್ಲಿ ನಿಲ್ಲಿಸಿ ನೋಡಿ. ಕೊಳದ ನೀರಿನಂತೆ ನಿಶ್ಚಲವಾಗಿ, ಆಳವಾಗಿ ತೋರುತ್ತದೆ. ಅದನ್ನೇ ಬಿಸಿಲಿಗೆ ತನ್ನಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆ ನೇಯ್ದಂತೆ ಸಾವಿರಾರು ಸಣ್ಣ ಗೀರುಗಳು ಕಣ್ಣಿಗೆ ಬೀಳುತ್ತವೆ. ಇವು ಎಲ್ಲಿಂದ ಬಂದವು? ಇವನ್ನು ತೆಗೆಯಬಹುದೆ? ತೆಗೆಯಬಹುದಾದರೆ ಎಲ್ಲಿಯವರೆಗೆ ತೆಗೆಯಬೇಕು? ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರ ಮಾಡೋಣ.

ಈ ಗೀರುಗಳು ಹೆಚ್ಚಾಗಿ ಹುಟ್ಟುವುದು ರಸ್ತೆಯಲ್ಲಲ್ಲ, ಕಾರನ್ನು ಒರೆಸುವ ಪ್ರೀತಿಯ ಕೈಯಲ್ಲಿ! ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಧೂಳಿನಲ್ಲಿರುವ ಮರಳಿನ ಕಣವೇ ಉಳಿಯಾಗುತ್ತದೆ. ಗೀರುಗಳು ಬಳೆಬಳೆಯಾಗಿ ಕಂಡರೂ ಅವು ನಿಜವಾಗಿ ಬಳೆಗಳಲ್ಲ. ಎಲ್ಲ ದಿಕ್ಕಿಗೂ ಹರಿದಿರುತ್ತವೆ. ಬೆಳಕಿನ ಪ್ರತಿಬಿಂಬಕ್ಕೆ ಅಡ್ಡಲಾಗಿರುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುವುದರಿಂದ ಬಲೆಯ ಆಕಾರ ಮೂಡುತ್ತದೆ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಲೆಯೂ ನಿಮ್ಮೊಡನೆ ಸರಿಯುವುದು. ಚೆನ್ನಾಗಿ ತಿಕ್ಕಿದ ಹಿತ್ತಾಳೆ ತಟ್ಟೆಯನ್ನು ದೀಪದ ಮುಂದೆ ಹಿಡಿದರೂ ಇದೇ ನೋಟ. ಬಿಳಿಯ ಕಾರಿನಲ್ಲಿಯೂ ಇಷ್ಟೇ ಗೀರುಗಳಿರಬಹುದು. ಆದರೆ ಅಲ್ಲಿ ಬಣ್ಣವೇ ಬೆಳಕನ್ನು ಧಾರಾಳವಾಗಿ ಚೆಲ್ಲುವುದರಿಂದ ಗೀರಿನ ಹೊಳಪು ಅದರಲ್ಲಿ ಅಡಗಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ಉಳಿದು ಕಾಣುವುದು ಗೀರೊಂದೇ.

ಇನ್ನು ಎರಡನೆಯ ಪ್ರಶ್ನೆ. ಪಾಲಿಶ್ ಎಂದರೆ ಏನನ್ನೋ ಹಚ್ಚುವುದು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಕಳೆಯುವ ಕೆಲಸ. ಬಡಗಿ ಹಲಗೆಗೆ ಉಜ್ಜುಗೊರಡು ಹಾಕಿದಂತೆ, ಗೀರಿನ ಸುತ್ತಲಿನ ಬಣ್ಣವನ್ನು ಗೀರಿನ ತಳದವರೆಗೆ ಇಳಿಸಿದಾಗ ಗೀರು ಮಾಯವಾಗುವುದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ಎರಡು ಕೂದಲಿನಷ್ಟು. ಇದರಲ್ಲಿ ಕಳೆದುಕೊಳ್ಳಲು ಸಿಗುವ ಪಾಲು ಇನ್ನೂ ಕಡಿಮೆ. ಆದುದರಿಂದ ಬಣ್ಣವೆಂಬುದು ಮೂಲಧನ; ಪ್ರತಿಯೊಂದು ಪಾಲಿಶ್ ಅದರಲ್ಲಿ ಮಾಡಿದ ಖರ್ಚು. ಈ ಖರ್ಚನ್ನು ಮತ್ತೆ ತುಂಬುವ ದಾರಿ ಇಲ್ಲ.

ಮಾತು ಸ್ಪಷ್ಟವಾಗಲೆಂದು ಒಂದು ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಷೆವ್ರೊಲೆ ಕಾರ್ವೆಟ್ 1953ರಲ್ಲಿ ಆರಂಭವಾದ ಸ್ಪೋರ್ಟ್ಸ್ ಕಾರು. ಅದರ ಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. 1981ರಲ್ಲಿ ಅದರ ತಯಾರಿಕೆ ಸೇಂಟ್ ಲೂಯಿಸ್ ನಗರದಿಂದ ಕೆಂಟಕಿಯ ಬೌಲಿಂಗ್ ಗ್ರೀನ್ ಪಟ್ಟಣಕ್ಕೆ ಸ್ಥಳಾಂತರವಾಯಿತು. ಹೊಸ ಕಾರ್ಖಾನೆ ಜೂನ್ ತಿಂಗಳಿನಲ್ಲಿ ಕೆಲಸ ತೊಡಗಿತು; ಹಳೆಯದು ಆಗಸ್ಟಿನಲ್ಲಿ ಆ ಕಾರಿನ ತಯಾರಿಕೆ ನಿಲ್ಲಿಸಿತು. ಹೀಗೆ ಒಂದೇ ವರ್ಷದ ಒಂದೇ ಮಾದರಿ ಎರಡು ಊರುಗಳಿಂದ ಹೊರಬಂದಿತು. ಸೇಂಟ್ ಲೂಯಿಸಿನ ಕಾರಿಗೆ ಅಕ್ರಿಲಿಕ್ ಲ್ಯಾಕರ್; ಬೌಲಿಂಗ್ ಗ್ರೀನಿನ ಕಾರಿಗೆ ಬಣ್ಣದ ಪದರದ ಮೇಲೆ ಬಣ್ಣವಿಲ್ಲದ ಪಾರದರ್ಶಕ ಎನಾಮೆಲ್ ಪದರ. ಕಾರಿನ 17 ಅಕ್ಷರಗಳ ಗುರುತಿನ ಸಂಖ್ಯೆಯಲ್ಲಿ 11ನೆಯದು 'ಎಸ್' ಆಗಿದ್ದರೆ ಸೇಂಟ್ ಲೂಯಿಸ್, '5' ಆಗಿದ್ದರೆ ಬೌಲಿಂಗ್ ಗ್ರೀನ್.

ಈ ವ್ಯತ್ಯಾಸ ನಮಗೇಕೆ? ಏಕೆಂದರೆ ಎರಡರ ಸ್ವಭಾವವೂ ಬೇರೆ. ಲ್ಯಾಕರ್ ಬಿಸಿಗೆ ಮೆತ್ತಗಾಗುತ್ತದೆ, ತೀಕ್ಷ್ಣವಾದ ದ್ರಾವಕ ತಗುಲಿದರೆ ಮತ್ತೆ ಕರಗುತ್ತದೆ. ಲ್ಯಾಕರ್ ಎಂಬ ಹೆಸರೇ ನಮ್ಮ ಲಾಕ್ಷಾ ಶಬ್ದಕ್ಕೆ, ಎಂದರೆ ಅರಗಿಗೆ, ಸಂಬಂಧಪಟ್ಟದ್ದು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೇ ಅದು ಕರಗಿ ಹಿಡಿಯುವುದನ್ನು ನೀವು ನೋಡಿರಬಹುದು. ಅಕ್ರಿಲಿಕ್ ಲ್ಯಾಕರಿನಲ್ಲಿ ಅರಗಿಲ್ಲ. ಆದರೂ ಬಿಸಿಯ ಪಾಠ ಒಂದೇ. ಮೇಲಾಗಿ ಫೈಬರ್ ಗ್ಲಾಸ್ ಉಕ್ಕಿನಂತೆ ಶಾಖವನ್ನು ಹಂಚಿಬಿಡುವುದಿಲ್ಲ. ಉಜ್ಜಿದ ಜಾಗದಲ್ಲಿಯೇ ಬಿಸಿ ಕೂಡಿಕೊಳ್ಳುತ್ತದೆ. ಅಯಸ್ಕಾಂತದಿಂದ ಬಣ್ಣದ ದಪ್ಪ ಅಳೆಯುವ ಸಾಧನವೂ ಇಲ್ಲಿ ನಡೆಯದು. ಶ್ರವಣಾತೀತ ಧ್ವನಿಯಿಂದ ಅಳೆಯುವ ಬೇರೆ ಉಪಕರಣ ಬೇಕು.

ಗುರುತಿನ ಸಂಖ್ಯೆ ಹೇಳುವುದು ಕಾರ್ಖಾನೆಯ ಕಥೆಯನ್ನು ಮಾತ್ರ. ನಡುವೆ ಯಾರಾದರೂ ಹೊಸ ಬಣ್ಣ ಹೊಡೆಸಿರಬಹುದು. ಆದುದರಿಂದ ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿಯ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಮೆಲ್ಲಗೆ ಉಜ್ಜಿ ನೋಡಿ. ಬಟ್ಟೆಗೆ ಕಪ್ಪು ಹತ್ತಿದರೆ ನೀವು ಮುಟ್ಟುತ್ತಿರುವುದು ಬಣ್ಣವನ್ನೇ. ಹತ್ತದಿದ್ದರೆ ಮೇಲೆ ಪಾರದರ್ಶಕ ಪದರವಿದೆಯೆಂದು ತಿಳಿಯಿರಿ. ಈ ಪದರದಲ್ಲಿ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ವಸ್ತುವನ್ನು ಸೇರಿಸಿರುತ್ತಾರೆ. ಪದರ ತೆಳುವಾದಷ್ಟೂ ಕಾರಿನ ರಕ್ಷೆಯೂ ತೆಳುವಾಗುತ್ತದೆ.

ಈಗ ಕೆಲಸದ ಕ್ರಮ. ನೆರಳಿನಲ್ಲಿ, ತಣ್ಣನೆಯ ಮೈಮೇಲೆ ಮಾತ್ರ ಕೆಲಸ ಮಾಡಿ. ಮೊದಲು ಧಾರಾಳವಾಗಿ ನೀರು ಹಾಯಿಸಿ ಧೂಳು ಹರಿಯಬಿಡಿ. ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ತೊಳೆದ ಮೇಲೂ ಅಂಗೈಗೆ ಒರಟಾಗಿ ತೋರಿದರೆ, ಕಾರಿಗೆಂದೇ ಮಾರುವ ಮೆತ್ತನೆಯ ಜೇಡಿಯನ್ನು ನೀರು ಅಥವಾ ಸೋಪಿನ ಜಾರಿಕೆಯೊಡನೆ ಹಗುರವಾಗಿ ಓಡಿಸಿ. ಅಂಟಿದ ಕಣಗಳು ಅದಕ್ಕೆ ಹತ್ತಿ ಬರುತ್ತವೆ. ಆಮೇಲೆ ಬಾನೆಟ್ಟಿನ ಏಣು, ಮಡ್ಗಾರ್ಡಿನ ಶಿಖರ, ಬಾಗಿಲಿನ ಅಂಚು ಇವುಗಳ ಮೇಲೆ ಕಾಗದದ ಟೇಪು ಅಂಟಿಸಿ. ಅಂಚಿನಲ್ಲಿ ಬಣ್ಣ ತೆಳು, ಯಂತ್ರದ ಒತ್ತಡ ಹೆಚ್ಚು. ಬಣ್ಣ ಹರಿದು ತಳ ಕಾಣುವುದು ಬಹುಮಟ್ಟಿಗೆ ಇಲ್ಲಿಯೇ. ಕಾರ್ವೆಟ್ಟಿನಂಥ ಚೂಪು ರೇಖೆಗಳ ಕಾರಿನಲ್ಲಂತೂ ಇದನ್ನು ಮರೆಯಲೇಬಾರದು.

ಬಳಿಕ ಒಂದೂವರೆ ಅಡಿ ಚೌಕದ ಜಾಗವೊಂದನ್ನು ಪರೀಕ್ಷೆಗೆ ಆರಿಸಿ. ಎಲ್ಲಕ್ಕಿಂತ ಮೆತ್ತನೆಯ ಪ್ಯಾಡು, ಎಲ್ಲಕ್ಕಿಂತ ನಯವಾದ ಪಾಲಿಶ್, ಇಲ್ಲಿಂದ ಆರಂಭಿಸಿ. ಅದು ಸಾಲದೆಂದು ಕಂಡಾಗ ಮಾತ್ರ ಮುಂದಿನ ಮೆಟ್ಟಿಲು ಹತ್ತಿ. ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುವ ಯಂತ್ರಕ್ಕಿಂತ, ತಿರುಗುತ್ತಲೇ ಓಲಾಡುವ ಯಂತ್ರ ಹೊಸಬರಿಗೆ ಕ್ಷೇಮ. ಅದರ ಬಿಸಿ ಕಡಿಮೆ. ಆಗಾಗ ಅಂಗೈ ಇಟ್ಟು ನೋಡಿ. ಬಿಸಿ ತಗುಲಿದರೆ ನಿಲ್ಲಿಸಿ. ಕೆಲಸ ಮುಗಿದೊಡನೆ ಕಾಣುವ ಹೊಳಪನ್ನು ನಂಬಬೇಡಿ. ಪಾಲಿಶಿನ ಎಣ್ಣೆ ಗೀರುಗಳಲ್ಲಿ ಕುಳಿತು ಅವನ್ನು ಮರೆಮಾಡಿರುತ್ತದೆ. ಸೋಪಿನ ನೀರಿನಿಂದ ತೊಳೆದು, ಬಿಸಿಲಿನಲ್ಲಿ ನೋಡಿದರೆ ಸತ್ಯ ತಿಳಿಯುವುದು. ಕೊನೆಯಲ್ಲಿ ಬ್ರೆಜಿಲ್ ದೇಶದ ತಾಳೆಮರದ ಎಲೆಗಳಿಂದ ಬರುವ ಕಾರ್ನೌಬಾ ಮೇಣವನ್ನು ತೆಳುವಾಗಿ ಹಚ್ಚಬಹುದು. ಮೇಣ ಗೀರು ತೆಗೆಯದು. ಆದರೆ ಮಾಡಿದ ಕೆಲಸವನ್ನು ಕೆಲವು ಕಾಲ ಕಾಯುತ್ತದೆ.

ಇನ್ನು ಕೊನೆಯ ಪ್ರಶ್ನೆ: ಎಲ್ಲಿ ನಿಲ್ಲಿಸಬೇಕು? ಉಗುರಿಗೆ ತಡೆಯುವ ಗೀರನ್ನು ಬಿಟ್ಟುಬಿಡಿ. ಅದರ ತಳ ಮುಟ್ಟುವಷ್ಟರಲ್ಲಿ ಸುತ್ತಲಿನ ಬಣ್ಣವೇ ಮುಗಿದಿರಬಹುದು. ಲ್ಯಾಕರ್ ಬಿರುಕುಬಿಟ್ಟಿದ್ದರೆ, ಪಾರದರ್ಶಕ ಪದರ ಸುಲಿಯುತ್ತಿದ್ದರೆ ಪಾಲಿಶಿನಿಂದ ಪ್ರಯೋಜನವಿಲ್ಲ. ಅದಕ್ಕೆ ಹೊಸ ಬಣ್ಣವೊಂದೇ ಮದ್ದು. ಹಳೆಯ ಕಾರಿಗೆ ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಡೆಸಬಹುದು. ಹುಟ್ಟಿನೊಡನೆ ಬಂದ ಬಣ್ಣ ಮಾತ್ರ ಒಂದೇ ಸಲ ದೊರೆಯುವಂಥದು. ಹತ್ತು ಗೀರುಗಳಲ್ಲಿ ಎಂಟು ಹೋಗಿ ಎರಡು ಉಳಿದರೆ ಆ ಎರಡನ್ನು ಕಾರಿನ ವಯಸ್ಸಿಗೆ ಬಿಟ್ಟುಕೊಡಿ. ನಾಳೆ ಆ ಕಾರು ಇನ್ನೊಬ್ಬರ ಕೈಗೆ ಹೋದಾಗ, ಅವರ ಪಾಲಿಗೂ ಒಂದಿಷ್ಟು ಬಣ್ಣ ಉಳಿದಿರಬೇಕಲ್ಲವೆ?